ಮಾಲು ಸಿಕ್ಕಿತು, ಆದರೆ ಅವನಿಗೆ ಗೊತ್ತಿತ್ತಾ?

(ಕಿರಿಯ ವಕೀಲರು ಮತ್ತು ತರಬೇತಿಯಲ್ಲಿದ್ದ ಪಿಎಸ್‌ಐಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಕಲಂಗಳ ವಿಷಯಕ್ಕೆ ಬರುವ ಮುಂಚೆ ಒಂದು ಸರದ ಕತೆ ಹೇಳಿಬಿಡುತ್ತೇನೆ.

ಆಗ ನಾನು ಸರ್ಕಾರದ ಪರ ಕೇಸು ನಡೆಸುತ್ತಿದ್ದೆ. ಸರಗಳ್ಳತನದ ಒಂದು ಕೇಸು. ಬೆಂಚ್ ಕ್ಲರ್ಕ್ ಒಂದು ಕಂದು ಕವರ್ ತಂದಿಟ್ಟರು. ಮೇಲೆ ಅರಗಿನ ಸೀಲು, ಪಂಚರ ಸಹಿ ಇದ್ದ ಚೀಟಿ. ಕತ್ತರಿಸಿ ತೆಗೆದರೆ ಒಳಗೆ ಎರಡೆಳೆ ಮಾಂಗಲ್ಯದ ಸರ. ಕಟಕಟೆಯಲ್ಲಿ ಅರವತ್ತರ ಆಸುಪಾಸಿನ ಒಬ್ಬ ತಾಯಿ ನಿಂತಿದ್ದರು. 'ಇದು ನಿಮ್ಮದೇನಮ್ಮ?' ಅಂತ ಕೇಳಿದೆ. ಅವರು ಉದ್ದ ನೋಡಲಿಲ್ಲ, ತೂಕ ನೋಡಲಿಲ್ಲ. ಸರವನ್ನು ತಿರುಗಿಸಿ, ಕೊಕ್ಕೆಯ ಹತ್ತಿರ ಹೆಬ್ಬೆರಳ ಉಗುರು ಆಡಿಸಿದರು. 'ಇಲ್ಲಿ ಮುರಿದಿತ್ತು ಸ್ವಾಮಿ. ಅಕ್ಕಸಾಲಿ ಬೆಸುಗೆ ಹಾಕಿಕೊಟ್ಟಿದ್ದ. ಸಣ್ಣ ಗಂಟು ಉಳಿದಿದೆ, ಮುಟ್ಟಿ ನೋಡಿ' ಅಂದರು. ಜಡ್ಜ್ ಸಾಹೇಬರು ಸರ ತರಿಸಿಕೊಂಡು ಮುಟ್ಟಿ ನೋಡಿದರು. ಗಂಟು ಇತ್ತು.

ಸರ ಅವರದ್ದೇ ಅನ್ನುವುದರಲ್ಲಿ ಆಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ. ಕಿತ್ತುಕೊಂಡು ಹೋದವನಿಗೆ ಶಿಕ್ಷೆ ಆಯಿತು. ಆದರೆ ಅದನ್ನು ಅವನಿಂದ ಕೊಂಡಿದ್ದ ಅಂಗಡಿಯವನು, ನಮ್ಮ ಲೆಕ್ಕದಲ್ಲಿ ಎ2, ಅಂದರೆ ಎರಡನೇ ಆರೋಪಿ, ಬಿಡುಗಡೆಯಾದ. ಹೊರಗೆ ಕಾರಿಡಾರಿನಲ್ಲಿ ಆ ತಾಯಿ ನನ್ನನ್ನು ನಿಲ್ಲಿಸಿ ಕೇಳಿದರು: 'ಸರ ಅವನ ಅಂಗಡೀಲೇ ಸಿಕ್ತಲ್ಲಪ್ಪ, ಮತ್ಯಾಕೆ ಬಿಟ್ಟರು?'

ಅವತ್ತು ನಾನು ಏನೋ ಹೇಳಿ ಬಂದೆ. ಅವರಿಗೆ ಸಮಾಧಾನ ಆಗಲಿಲ್ಲ, ನನಗೂ ಆಗಲಿಲ್ಲ. ಇವತ್ತು ಹೇಳುವುದು ಆ ಪ್ರಶ್ನೆಗೆ ಉತ್ತರ.

ಕಲಂ ಬೇಗ ನೋಡಿಬಿಡೋಣ. ಈಗ ಇದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ. 2024ರ ಜುಲೈ 1ಕ್ಕೆ ಮುಂಚಿನ ಕೃತ್ಯಗಳಿಗೆ ಹಳೇ ಐಪಿಸಿಯ 410ರಿಂದ 414. ಮಾತು ಹೆಚ್ಚೂಕಡಿಮೆ ಅದೇ. ಕದ್ದ ಮಾಲನ್ನು ಅಪ್ರಾಮಾಣಿಕವಾಗಿ ತೆಗೆದುಕೊಂಡರೂ ತಪ್ಪು, ಇಟ್ಟುಕೊಂಡರೂ ತಪ್ಪು. ಆದರೆ ಅದು ಕದ್ದದ್ದು ಅಂತ ಅವನಿಗೆ ಗೊತ್ತಿರಬೇಕು, ಇಲ್ಲವೇ ಹಾಗೆ ನಂಬುವುದಕ್ಕೆ ಕಾರಣ ಇರಬೇಕು. ಸಾಮಾನ್ಯ ಕಳವಿನ ಮಾಲಾದರೆ ಮೂರು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಅದೇ ಕಸುಬು ಮಾಡಿಕೊಂಡವನಿಗೆ ಜೀವಾವಧಿವರೆಗೂ ಹೋಗುತ್ತದೆ.

ಹಾಗಾಗಿ ಸರ್ಕಾರದ ಕಡೆಯವರು ಮೂರು ವಿಷಯ ತೋರಿಸಬೇಕು. ಮಾಲು ಕದ್ದದ್ದು. ಅದು ಇನ್ನೊಬ್ಬರ ಕೈಯಿಂದ ಇವನ ಕೈಗೆ ಬಂದಿತ್ತು. ಇವನಿಗೆ ಗೊತ್ತಿತ್ತು. ಮೊದಲ ಎರಡಕ್ಕೆ ವಸ್ತು ಇದೆ, ಜಾಗ ಇದೆ, ಸಾಕ್ಷಿ ಇದ್ದಾರೆ. ಮೂರನೆಯದು ಒಬ್ಬ ಮನುಷ್ಯನ ತಲೆಯ ಒಳಗಿನ ಮಾತು. ಅದಕ್ಕೆ ಮಹಜರು ಬರೆಯುವುದಕ್ಕೆ ಆಗುವುದಿಲ್ಲ, ಅಲ್ವಾ?

ನಾನು ಓದಿದ ಅಂಗಡಿ ಮಹಜರುಗಳಲ್ಲಿ ಬಹಳಷ್ಟು ಒಂದೇ ತರಹ ಇರುತ್ತವೆ. 'ಆರೋಪಿ-1 ನಮ್ಮನ್ನು ಕರೆದುಕೊಂಡು ಹೋಗಿ ಅಂಗಡಿಯನ್ನು ತೋರಿಸಿ, ತಾನು ಕದ್ದ ಸರವನ್ನು ಇವರಿಗೇ ಮಾರಿರುವುದಾಗಿ ತಿಳಿಸಿದ್ದು, ಅಂಗಡಿ ಮಾಲೀಕರು ಹಾಜರುಪಡಿಸಿದ ಸರವನ್ನು ಪಂಚರ ಸಮಕ್ಷಮ ಅಮಾನತ್ತುಪಡಿಸಿಕೊಂಡಿದ್ದು...' ಅಲ್ಲಿಗೆ ಮುಗಿಯಿತು. ಸಹಿ, ದಿನಾಂಕ, ಸಮಯ. ಸ್ಟೇಷನ್ನಿನಲ್ಲಿ ಎಲ್ಲರೂ ರಿಕವರಿ ಆಯಿತು ಅಂತ ಉಸಿರು ಬಿಡುತ್ತಾರೆ. ಕಳೆದುಕೊಂಡವರ ಒತ್ತಡ, ಮೇಲಿನವರ ಒತ್ತಡ, ಕೈಯಲ್ಲಿ ಇನ್ನೂ ಹತ್ತು ಕೇಸು ಇರುವಾಗ ಅದು ಸಹಜವೇ. ಆದರೆ ಎ2ನ ಕೇಸು ಆ ಹೊತ್ತಿಗೆ ಶುರುವಾಗಬೇಕಾಗಿತ್ತು. ಅಲ್ಲೇ ಅದನ್ನು ಕೈಬಿಟ್ಟಿರುತ್ತೇವೆ.

ಯಾಕೆ ಅಂತ ನೋಡಿ. ಕಳ್ಳ ಸ್ವಇಚ್ಛಾ ಹೇಳಿಕೆಯಲ್ಲಿ ಎಲ್ಲವನ್ನೂ ಹೇಳಿರುತ್ತಾನೆ. ಕದ್ದೆ ಅಂತ ಹೇಳಿರುತ್ತಾನೆ, ಮಾರಿದೆ ಅಂತ ಹೇಳಿರುತ್ತಾನೆ, 'ಅವರಿಗೂ ಕದ್ದ ಮಾಲು ಅಂತ ಗೊತ್ತಿತ್ತು' ಅಂತಲೂ ಹೇಳಿರುತ್ತಾನೆ. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಹಳೇ ಸಾಕ್ಷ್ಯ ಕಾಯ್ದೆಯ 27ನೇ ಕಲಂ, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನ ಕೊನೆಯ ಭಾಗ, ಒಂದು ಸಣ್ಣ ಕಿಂಡಿ ಬಿಟ್ಟಿದೆ. ಯಾವ ಮಾತಿನಿಂದ ಹೊಸ ಸಂಗತಿ ಸಿಕ್ಕಿತೋ ಅಷ್ಟೇ ಮಾತು ಒಳಗೆ ಬರಬಹುದು. 1946ರ ಡಿಸೆಂಬರಿನಲ್ಲಿ ಪ್ರಿವಿ ಕೌನ್ಸಿಲ್, ಅಂದರೆ ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟು, ಇದನ್ನು ಒಂದು ಚಾಕುವಿನ ಉದಾಹರಣೆಯಿಂದ ಬಿಡಿಸಿ ಹೇಳಿತು. ಮನೆಯ ಸೂರಿನಲ್ಲಿ ಬಚ್ಚಿಟ್ಟ ಚಾಕು ತೋರಿಸುತ್ತೇನೆ ಅಂತ ಒಬ್ಬ ಹೇಳಿದರೆ, ಪತ್ತೆಯಾದದ್ದು ಚಾಕು ಅನ್ನುವ ವಸ್ತು ಅಲ್ಲ. ಚಾಕು ಪ್ರಪಂಚಕ್ಕೆ ಗೊತ್ತಾಗಿ ಬಹಳ ಕಾಲವಾಯಿತು. ಪತ್ತೆಯಾದದ್ದು ಇಷ್ಟು: ಅದು ಅಲ್ಲಿದೆ, ಅಲ್ಲಿದೆ ಅಂತ ಅವನಿಗೆ ತಿಳಿದಿದೆ.

ಈಗ ನಮ್ಮ ಸರಕ್ಕೆ ಬನ್ನಿ. ಎ1 ಅಂಗಡಿ ತೋರಿಸಿದ. ಸಾಬೀತಾಗುವುದು ಎ1ಗೆ ಏನು ತಿಳಿದಿತ್ತು ಅನ್ನುವುದು. ಎ2ಗೆ ಏನು ತಿಳಿದಿತ್ತು ಅನ್ನುವುದರ ಬಗ್ಗೆ ಒಂದಕ್ಷರವೂ ಇಲ್ಲ. ಕಳ್ಳನ ಮಾತಿನ ಆ ಭಾಗವನ್ನು ಕತ್ತರಿಸಿದ ಮೇಲೆ ಫೈಲಿನಲ್ಲಿ ಅವನ ವಿರುದ್ಧ ಉಳಿಯುವುದು ಸರ ಮಾತ್ರ.

ಜಾಗ ತಿಳಿದಿರುವುದು ಬೇರೆ, ವಶದಲ್ಲಿ ಇರುವುದು ಬೇರೆ, ಕದ್ದದ್ದು ಅಂತ ತಿಳಿದಿರುವುದು ಮತ್ತೂ ಬೇರೆ. 1954ರ ಒಂದು ಸುಪ್ರೀಂ ಕೋರ್ಟ್ ತೀರ್ಪು ಈ ಎಳೆಗಳನ್ನು ಚೆನ್ನಾಗಿ ಬಿಡಿಸಿದೆ. ಮಧ್ಯಪ್ರದೇಶದ ಕೇಸು. ಆರೋಪಿ ತೋರಿಸಿದ ಹೊಲದಲ್ಲಿ ಒಡವೆ ಸಿಕ್ಕಿದ್ದವು. ಆದರೆ ಹೊಲಕ್ಕೆ ಬೇಲಿ ಇಲ್ಲ, ಬಾಗಿಲಿಲ್ಲ. ಯಾರು ಬೇಕಾದರೂ ಹೋಗಿ ಬರಬಹುದಾದ ಜಾಗ. ಇನ್ಯಾರೋ ಇಟ್ಟಿರಬಹುದು, ಇವನಿಗೆ ಹೇಗೋ ಸುಳಿವು ಸಿಕ್ಕಿರಬಹುದು. ಆ ಸಾಧ್ಯತೆ ಉಳಿದಿರುವಾಗ ಅವನ ವಶದಲ್ಲಿತ್ತು ಅಂತ ಹೇಳಲಾಗದು ಅಂತ ಕೋರ್ಟು ಬಿಡುಗಡೆ ಮಾಡಿತು. ಬಾವಿ ಪಕ್ಕದ ಪೊದೆ, ಪಾಳು ಗುಡಿ, ರಸ್ತೆ ಮೋರಿ, ಇಂಥ ಕಡೆ ರಿಕವರಿ ಮಾಡುವ ಅಧಿಕಾರಿಗಳು ಈ ತೀರ್ಪನ್ನು ತಲೆದಿಂಬಿನ ಕೆಳಗೆ ಇಟ್ಟುಕೊಳ್ಳಬೇಕು.

ಹಾಗಾದರೆ ಕಾನೂನು ಸರ್ಕಾರದ ಕಡೆಗೆ ಏನೂ ಕೊಟ್ಟಿಲ್ಲವಾ? ಕೊಟ್ಟಿದೆ. 1872ರ ಸಾಕ್ಷ್ಯ ಕಾಯ್ದೆಯ 114ನೇ ಕಲಮಿನ ಮೊದಲ ದೃಷ್ಟಾಂತ, ಈಗಿನ 119ನೇ ಕಲಂ. ಕಳವಾದ ಸ್ವಲ್ಪ ದಿನದಲ್ಲೇ ಮಾಲು ಒಬ್ಬನ ಬಳಿ ಸಿಕ್ಕಿ, ಹೇಗೆ ಬಂತು ಅಂತ ಅವನು ವಿವರ ಕೊಡದಿದ್ದರೆ, ಅವನು ಕಳ್ಳ ಇರಬೇಕು ಅಥವಾ ಗೊತ್ತಿದ್ದೇ ತೆಗೆದುಕೊಂಡಿರಬೇಕು ಅಂತ ಕೋರ್ಟು ಊಹಿಸಬಹುದು. 'ಬಹುದು' ಅನ್ನುವ ಮಾತಿಗೆ ಅಡಿಗೆರೆ ಎಳೆಯಿರಿ. ಊಹಿಸಲೇಬೇಕು ಅಂತ ಎಲ್ಲೂ ಇಲ್ಲ.

ಅದೇ ಕಲಮಿನಲ್ಲಿ ಸ್ವಲ್ಪ ಕೆಳಗೆ ಇನ್ನೊಂದು ಉದಾಹರಣೆ ಇದೆ. ನನಗೆ ಆ ಕಾಯ್ದೆಯಲ್ಲೇ ತುಂಬಾ ಇಷ್ಟವಾದ ಸಾಲು ಅದು. ಒಬ್ಬ ಅಂಗಡಿಯವನ ಗಲ್ಲಾಪೆಟ್ಟಿಗೆಯಲ್ಲಿ ಗುರುತು ಹಾಕಿದ ಒಂದು ರೂಪಾಯಿ ಸಿಗುತ್ತದೆ. ಅದು ಈಗಷ್ಟೇ ಕಳವಾದದ್ದು. ಯಾರು ಕೊಟ್ಟರು ಅಂತ ಅವನು ಹೇಳಲಾರ. ಆದರೆ ಅವನ ವ್ಯಾಪಾರವೇ ಬೆಳಗಿನಿಂದ ಸಂಜೆವರೆಗೆ ರೂಪಾಯಿ ತೆಗೆದುಕೊಳ್ಳುವುದು. ಊಹೆ ಮಾಡುವ ಮುಂಚೆ ಇದನ್ನೂ ನೋಡಿ ಅಂತ ಕಾಯ್ದೆಯೇ ನ್ಯಾಯಾಧೀಶರಿಗೆ ಹೇಳುತ್ತದೆ. ದಿನಕ್ಕೆ ಇಪ್ಪತ್ತು ಜನರಿಂದ ಹಳೇ ಮೊಬೈಲ್ ಕೊಳ್ಳುವ ಅಂಗಡಿಯವನಿಗೂ, ಹಳೇ ಕಬ್ಬಿಣ ತೂಗಿ ತೆಗೆದುಕೊಳ್ಳುವ ಗುಜರಿಯವನಿಗೂ ಈ ಮಾತು ಅನ್ವಯಿಸುತ್ತದೆ. ನೂರೈವತ್ತು ವರ್ಷದ ಹಿಂದೆ ಬರೆದವರು ಅವರನ್ನು ನೆನೆಸಿಕೊಂಡೇ ಬರೆದ ಹಾಗಿದೆ.

'ಸ್ವಲ್ಪ ದಿನ' ಅಂದರೆ ಎಷ್ಟು ದಿನ? ಇದಕ್ಕೆ ನಮ್ಮ ಕರ್ನಾಟಕದ್ದೇ ಕೇಸು ಇಡೀ ದೇಶಕ್ಕೆ ಉತ್ತರ ಕೊಟ್ಟಿದೆ. 1983ರ ಸುಪ್ರೀಂ ಕೋರ್ಟ್ ತೀರ್ಪು. ಸುಳ್ಳು ಹೆಸರು ಹೇಳಿ ಒಂದು ಮನೆಯಲ್ಲಿ ಕೆಲಸಕ್ಕೆ ಸೇರಿದವನು ಮನೆಯೊಡತಿಯನ್ನು ಕೊಂದು, ಚಿನ್ನ ಮತ್ತು ರೇಷ್ಮೆ ಸೀರೆಗಳ ಜೊತೆ ಮಾಯವಾಗಿದ್ದ. ಸಿಕ್ಕಿದ್ದು ಸುಮಾರು ಒಂದು ವರ್ಷದ ಮೇಲೆ. ಒಂದು ವರ್ಷ ಆದ ಮೇಲೆ ಊಹೆ ಹೇಗೆ ಅಂತ ಅವನ ಪರ ವಾದ. ಇಷ್ಟೇ ದಿನ ಅಂತ ಗೆರೆ ಎಳೆಯಲು ಆಗುವುದಿಲ್ಲ ಅಂತ ಕೋರ್ಟು ಹೇಳಿತು. ಬೇಗ ಬೇಗ ಕೈ ಬದಲಾಗುವ ವಸ್ತುವೋ ಅಲ್ಲವೋ ನೋಡಬೇಕು. ಹಾಗೆ ಕೈ ಬದಲಾಗದ ವಸ್ತುವಿಗೆ ಒಂದು ವರ್ಷ ಜಾಸ್ತಿ ಅಲ್ಲ ಅಂತ ತೀರ್ಮಾನವಾಯಿತು. ಅದು ಕೊಲೆ ಕೇಸು. ಆದರೂ ಈ ಊಹೆಯ ಲೆಕ್ಕ ಮಾಲು ಕೊಂಡವರ ಕೇಸಿಗೂ ಅದೇ.

ಆ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ಇಂಥ ಒಡವೆ ಎಲ್ಲರ ಮನೆಯಲ್ಲೂ ಇರುತ್ತದೆ, ಗುರುತಿಸಿದ್ದನ್ನು ನಂಬುವುದು ಹೇಗೆ ಅನ್ನುವ ವಾದಕ್ಕೆ, ತಾವು ದಿನಾ ಬಳಸುವ ವಸ್ತುಗಳನ್ನು ಗುರುತಿಸುವುದರಲ್ಲಿ ಹೆಂಗಸರಿಗೆ ಅಚ್ಚರಿಪಡುವಂಥ ಶಕ್ತಿ ಇರುತ್ತದೆ ಅಂತ ಕೋರ್ಟು ಉತ್ತರ ಕೊಟ್ಟಿತು. ಇದನ್ನು ಓದಿದಾಗೆಲ್ಲ ನನಗೆ ಆ ತಾಯಿಯ ಹೆಬ್ಬೆರಳು ಕಣ್ಣ ಮುಂದೆ ಬರುತ್ತದೆ.

ಈಗ ಮುಖ್ಯ ಮಾತು. ನಂಬುವುದಕ್ಕೆ ಕಾರಣ ಅಂದರೆ ಏನು? ಸುಮ್ನೆ ಅನುಮಾನ ಬಂದಿತ್ತು ಅನ್ನುವುದು ಸಾಕಾ? ಸಾಲದು. 19ನೇ ಶತಮಾನದಲ್ಲೇ ಬಾಂಬೆ ಹೈಕೋರ್ಟು ಇದನ್ನು ಹೇಳಿದೆ. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಎಲ್ಲವೂ ಆಗ ಬಾಂಬೆ ಪ್ರಾಂತ್ಯದಲ್ಲೇ ಇದ್ದವು, ಹಾಗಾಗಿ ನಮ್ಮ ಕಡೆಗೂ ಅದೇ ಕಾನೂನು. ನಂಬಿಕೆ ಅನ್ನುವುದು ಅನುಮಾನಕ್ಕಿಂತ ಬಹಳ ಗಟ್ಟಿಯಾದ ಮಾತು ಅಂದರು ಆ ನ್ಯಾಯಾಧೀಶರು. ಆ ಸನ್ನಿವೇಶದಲ್ಲಿ ಸಾಮಾನ್ಯ ಬುದ್ಧಿಯ ಯಾವ ಮನುಷ್ಯನೇ ಆಗಲಿ, ಇದು ಕದ್ದದ್ದೇ ಅಂತ ಮನಸ್ಸಿನಲ್ಲಿ ಖಚಿತ ಮಾಡಿಕೊಳ್ಳುವಂತೆ ಇರಬೇಕು. 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು, ಅದೂ ಮಧ್ಯಪ್ರದೇಶದಿಂದ ಬಂದ ಕೇಸಿನಲ್ಲೇ, ಇದೇ ದಾರಿಯಲ್ಲಿ ಹೋಯಿತು. ಆರೋಪಿ ಅಜಾಗರೂಕನಾಗಿದ್ದ, ಸರಿಯಾಗಿ ವಿಚಾರಿಸಲಿಲ್ಲ, ಅನುಮಾನಕ್ಕೆ ಎಡೆ ಇತ್ತು ಅಂತ ತೋರಿಸಿದರೆ ಸಾಲದು ಅಂತ ಹೇಳಿ 411ರ ಶಿಕ್ಷೆಯನ್ನು ರದ್ದು ಮಾಡಿತು.

ಕೆಲವು ಅಧಿಕಾರಿಗಳು ಇದನ್ನು ಕೇಳಿ, ಹಾಗಾದರೆ ಈ ಕಲಮಿನಲ್ಲಿ ಯಾರಿಗೂ ಶಿಕ್ಷೆ ಕೊಡಿಸಲು ಆಗುವುದಿಲ್ಲ ಬಿಡಿ ಸಾರ್ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ತಿಳಿವಳಿಕೆ ತಲೆಯ ಒಳಗೇ ಇದ್ದರೂ ಅದರ ಗುರುತುಗಳು ಅಂಗಡಿಯ ತುಂಬ ಬಿದ್ದಿರುತ್ತವೆ. ಹೋದ ದಿನವೇ ಹೆಕ್ಕಬೇಕು ಅಷ್ಟೇ.

ಮೊದಲು ಬೆಲೆ. ಸರ 32 ಗ್ರಾಂ ಇದೆ, ಅವತ್ತಿನ ದರ ಗ್ರಾಂಗೆ 6,000 ರೂಪಾಯಿ ಅಂತ ಇಟ್ಟುಕೊಳ್ಳಿ. 1,92,000 ಆಗುತ್ತದೆ. ಸವೆತ, ಬೆಸುಗೆ ಅಂತ ಕಳೆದರೂ ಎಷ್ಟು ಕಳೆಯಬಹುದು? ಅದನ್ನು 60,000ಕ್ಕೆ ಕೊಂಡಿದ್ದರೆ, ದಿನವೂ ದರದ ಬೋರ್ಡ್ ಬರೆಯುವ ಮನುಷ್ಯನಿಗೆ ಆ ಕಡಿಮೆ ಬೆಲೆಯ ಅರ್ಥ ಗೊತ್ತಿರಲಿಲ್ಲ ಅಂದರೆ ಯಾರು ನಂಬುತ್ತಾರೆ? ಚಿನ್ನದ ದರ ಪೇಪರಿನಲ್ಲೇ ಬರುತ್ತದೆ. ಆ ದಿನದ ದರ, ಸರದ ತೂಕ, ಕೊಟ್ಟ ಹಣ, ಈ ಮೂರು ಅಂಕಿ ಫೈಲಿನಲ್ಲಿ ಇದ್ದರೆ ಸಾಹೇಬರು ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ. ನನ್ನ ಆ ಕೇಸಿನಲ್ಲಿ ಎ2 ಎಷ್ಟು ಕೊಟ್ಟಿದ್ದ ಅನ್ನುವ ಒಂದು ಸಾಲು ಇಡೀ ಚಾರ್ಜ್‌ಶೀಟಿನಲ್ಲಿ ಇರಲಿಲ್ಲ. ವಿಚಾರಣೆಗೆ ಮುಂಚೆ ನಾನೂ ಅದನ್ನು ಗಮನಿಸಿ ತನಿಖಾಧಿಕಾರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಆ ತಾಯಿಯ ಪ್ರಶ್ನೆ ಇವತ್ತಿಗೂ ಚುಚ್ಚುವುದು ಅದಕ್ಕೇ.

ಆಮೇಲೆ ಪುಸ್ತಕ. ಗಿರವಿ ಅಂಗಡಿ ಆದರೆ 1961ರ ಕರ್ನಾಟಕ ಗಿರವಿದಾರರ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕು, ಅಡವಿನ ಲೆಕ್ಕ ಬರೆಯಬೇಕು, ಇಟ್ಟವರಿಗೆ ಚೀಟಿ ಕೊಡಬೇಕು. ಆ ದಿನದ ಪುಟದಲ್ಲಿ ಈ ಒಡವೆ ಇದೆಯಾ? ಮೇಲಿನ ಕೆಳಗಿನ ಗಿರಾಕಿಗಳೆಲ್ಲ ಇದ್ದು ಇದೊಂದೇ ಇಲ್ಲದಿದ್ದರೆ, ಇಲ್ಲದಿರುವುದೇ ಸಾಕ್ಷಿ. ಹೆಸರು ಇದೆ, ವಿಳಾಸ ಇಲ್ಲ. ಎಲ್ಲರ ಆಧಾರ್ ಜೆರಾಕ್ಸ್ ಇದೆ, ಇವನದ್ದು ಇಲ್ಲ. ಇವೆಲ್ಲವೂ ಮಾತಾಡುತ್ತವೆ. ಆದರೆ ಪೂರ್ತಿ ಪುಸ್ತಕ ತರಬೇಕು. ಒಂದೇ ಪುಟ ಹರಿದು ತಂದರೆ ಹೋಲಿಸಿ ನೋಡಲು ಏನೂ ಇರುವುದಿಲ್ಲ.

ಆಮೇಲೆ, ಮಾಲಿಗೆ ಏನು ಮಾಡಿದ? ಶೋಕೇಸಿನಲ್ಲಿ ಇಟ್ಟಿದ್ದನಾ, ಅದೇ ರಾತ್ರಿ ಕರಗಿಸಿ ಗಟ್ಟಿ ಮಾಡಿದನಾ? ಬೈಕಿನ ಚಾಸಿ ನಂಬರ್ ಉಜ್ಜಿದ್ದನಾ? ಕೇಳಿದ ತಕ್ಷಣ ಏನು ಹೇಳಿದ? ಪೊಲೀಸರು ಅಂಗಡಿ ಮೆಟ್ಟಿಲು ಹತ್ತಿದಾಗ 'ಇಂಥ ಸರ ನಾನು ನೋಡೇ ಇಲ್ಲ' ಅಂದು, ಆಮೇಲೆ ಒಳಗಿನ ಬೀರುವಿನಿಂದ ತೆಗೆದುಕೊಟ್ಟರೆ, ಆ ಸುಳ್ಳು ನಡವಳಿಕೆ ಬಲವಾದ ಸಾಕ್ಷಿ. ಈಗಂತೂ ಹಳೇ ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಶೋಧ ಮತ್ತು ಜಪ್ತಿಯನ್ನು ಆಡಿಯೋ ವಿಡಿಯೋ ಮಾಡಲೇಬೇಕು ಅನ್ನುತ್ತದೆ. ಬೀರು ತೆಗೆದಾಗಿನಿಂದ ಅಲ್ಲ, ಅಂಗಡಿಯ ಹೊಸ್ತಿಲು ದಾಟಿದಾಗಿನಿಂದ ರೆಕಾರ್ಡ್ ಆಗಲಿ.

ಇನ್ನೊಂದು ಬಾಗಿಲು ಇದೆ. ಅದನ್ನು ತಟ್ಟುವವರು ಕಡಿಮೆ. ಹಳೇ ಸಾಕ್ಷ್ಯ ಕಾಯ್ದೆಯ 14ನೇ ಕಲಂ, ಈಗಿನ 12. ಅದರ ಮೊದಲ ದೃಷ್ಟಾಂತವೇ ನಮ್ಮ ವಿಷಯ. ಒಂದು ಕದ್ದ ವಸ್ತು ಸಿಕ್ಕ ಹೊತ್ತಿನಲ್ಲೇ ಅವನ ಬಳಿ ಬೇರೆ ಬೇರೆ ಕದ್ದ ವಸ್ತುಗಳೂ ಇದ್ದವು ಅಂತ ತೋರಿಸಿದರೆ, ಪ್ರತಿಯೊಂದೂ ಕದ್ದದ್ದು ಅಂತ ಅವನಿಗೆ ಗೊತ್ತಿತ್ತು ಅನ್ನುವುದಕ್ಕೆ ಅದು ಸಂಬಂಧಪಟ್ಟ ಸಂಗತಿ. ಒಂದು ಸಲ ಮೋಸ ಹೋಗಬಹುದು. ಐದು ಮನೆಯ ಐದು ಸರ ಒಂದೇ ಡಬ್ಬಿಯಲ್ಲಿ ಇದ್ದರೆ ಮೋಸ ಹೋದೆ ಅನ್ನುವ ಮಾತು ತೆಳ್ಳಗಾಗುತ್ತದೆ. ಆದರೆ ಆ ಉಳಿದ ನಾಲ್ಕೂ ಕದ್ದದ್ದು ಅಂತ ಸಾಬೀತಾಗಬೇಕು. ಅವುಗಳ ಒಡೆಯರು ಬಂದು ಹೇಳಬೇಕು. ಆ ನಾಲ್ಕು ಕೇಸುಗಳು ನಾಲ್ಕು ಸ್ಟೇಷನ್ನಿನಲ್ಲಿ ಇರುತ್ತವೆ, ಒಬ್ಬರ ಫೈಲು ಇನ್ನೊಬ್ಬರು ನೋಡಿರುವುದಿಲ್ಲ.

ಇಂಗ್ಲೆಂಡಿನಲ್ಲಿ ಇದಕ್ಕೆ ಲೆಕ್ಕಾಚಾರದ ಕಾನೂನೇ ಇದೆ. ಅವರ 1968ರ ಕಳ್ಳತನದ ಕಾಯ್ದೆಯ 27ನೇ ಕಲಂ ಪ್ರಕಾರ, ಮಾಲು ಅವನ ವಶದಲ್ಲಿತ್ತು ಅಂತ ತೋರಿಸಿದ ಮೇಲೆ, ಹಿಂದಿನ 12 ತಿಂಗಳೊಳಗೆ ಕಳವಾದ ಬೇರೆ ಮಾಲು ಅವನ ಬಳಿ ಇತ್ತು ಅನ್ನುವುದನ್ನೂ, ಏಳು ದಿನ ಮುಂಚೆ ನೋಟಿಸ್ ಕೊಟ್ಟು, ಹಿಂದಿನ ಐದು ವರ್ಷದಲ್ಲಿ ಇಂಥ ಕೇಸಿನಲ್ಲಿ ಶಿಕ್ಷೆ ಆಗಿತ್ತು ಅನ್ನುವುದನ್ನೂ ಮುಂದಿಡಬಹುದು. ಅವರಲ್ಲಿ ಗೊತ್ತಿರಬೇಕು ಇಲ್ಲವೇ ನಂಬಿರಬೇಕು ಅಂತಷ್ಟೇ ಇದೆ. ನಂಬಲು ಕಾರಣ ಇತ್ತು ಅನ್ನುವ ನಮ್ಮ ಮಾತು ಅವರಲ್ಲಿಲ್ಲ. ಆ ಲೆಕ್ಕದಲ್ಲಿ ನಮ್ಮ ಅಧಿಕಾರಿಯ ಕೈಯಲ್ಲಿ ಇರುವ ಸಾಧನ ಸಣ್ಣದೇನಲ್ಲ.

ಈಗ ಬೆಂಚಿನ ಆ ಕಡೆಗೆ ಹೋಗುತ್ತೇನೆ. ಆಮೇಲಿನ ವರ್ಷಗಳಲ್ಲಿ ನಾನು ಅಂಗಡಿಯವರ ಪರವೂ ನಿಂತಿದ್ದೇನೆ. ಒಬ್ಬ ಗಂಡಸು ಹೆಂಡತಿಯನ್ನು ಕರೆದುಕೊಂಡು ಬಂದು, ಮಗುವಿಗೆ ಆಪರೇಷನ್ ಅಂತ ಕಣ್ಣೀರು ಹಾಕಿ ಬಳೆ ಅಡವಿಡುತ್ತಾನೆ. ಅಂಗಡಿಯವನು ಆಧಾರ್ ತೆಗೆದುಕೊಂಡಿದ್ದಾನೆ, ಚೀಟಿ ಬರೆದಿದ್ದಾನೆ, ದರಕ್ಕೆ ತಕ್ಕ ಹಣ ಕೊಟ್ಟಿದ್ದಾನೆ. ಆರು ತಿಂಗಳ ಮೇಲೆ ಜೀಪು ಬಂದು ನಿಲ್ಲುತ್ತದೆ, ಊರೆಲ್ಲ ನೋಡುತ್ತದೆ. ನನ್ನ ಬಳಿ ಬಂದ ಅಂಗಡಿಯವರು ಹೇಳಿಕೊಂಡ ಇನ್ನೊಂದು ಸಂಕಟ ಇದೆ. ಕೇಸಿನ ಹೆದರಿಕೆಗೆ, ತಾವು ಕೊಳ್ಳದೇ ಇದ್ದರೂ, ಮಾನ ಉಳಿದರೆ ಸಾಕು ಅಂತ ಸ್ವಂತ ಚಿನ್ನವನ್ನೇ ಗಟ್ಟಿ ಮಾಡಿ ಕೊಟ್ಟು ಕಳಿಸಿದ್ದು. ಹೀಗೆ ಬಂದ ಗಟ್ಟಿಯಲ್ಲಿ ಕೊಕ್ಕೆಯೂ ಇಲ್ಲ, ಬೆಸುಗೆಯ ಗಂಟೂ ಇಲ್ಲ. ಯಾವ ತಾಯಿ ಬಂದು ನನ್ನದು ಅನ್ನಬೇಕು? ಕಳೆದುಕೊಂಡವರಿಗೆ ಚಿನ್ನ ಸಿಗಬಹುದು, ಆದರೆ ಮಾಲು ಕದ್ದದ್ದೇ ಅನ್ನುವ ಮೊದಲ ಮೆಟ್ಟಿಲೇ ಅಲ್ಲಿ ಕುಸಿಯುತ್ತದೆ.

ಅಂಗಡಿಯವನ ಪರ ಇರುವ ಕಿರಿಯ ವಕೀಲರಿಗೆ ಒಂದು ಮಾತು. ವಿವರ ಕೊಡುವ ಅವಕಾಶವನ್ನು ಕೈಚೆಲ್ಲಬೇಡಿ. ಕೋರ್ಟಿನಲ್ಲಿ ಆರೋಪಿಯ ಹೇಳಿಕೆ ಬರೆದುಕೊಳ್ಳುವ ದಿನ ಪ್ರತಿ ಪ್ರಶ್ನೆಗೂ 'ಸುಳ್ಳು', 'ಗೊತ್ತಿಲ್ಲ' ಅಂತ ಹೇಳಿಸಿ ಬರುವ ಅಭ್ಯಾಸ ನಮ್ಮಲ್ಲಿದೆ. ಚೀಟಿ ಇದ್ದರೆ ಅವತ್ತೇ ಹಾಜರುಪಡಿಸಿ. ಅವನ ವಿವರ ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕಿಲ್ಲ. ಹೀಗೂ ಆಗಿರಬಹುದು ಅಂತ ನಂಬುವ ಹಾಗಿದ್ದರೆ ಸಾಕು, ಭಾರ ವಾಪಸ್ ಸರ್ಕಾರದ ಕಡೆಗೇ ಹೋಗುತ್ತದೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತೇನೆ. 'ಸಾರ್, ನಾನು ಆನ್‌ಲೈನಿನಲ್ಲಿ ನೋಡಿ ಒಬ್ಬರಿಂದ ಹಳೇ ಫೋನ್ ಕೊಂಡಿದ್ದೇನೆ. ಬಿಲ್ ಇಲ್ಲ. ಅದು ಕದ್ದದ್ದಾಗಿದ್ದರೆ ನಾನೂ ಆರೋಪಿನಾ?'

ಕೊಂಡ ದಿನ ನಿನಗೆ ಗೊತ್ತಿರಲಿಲ್ಲ, ಬೆಲೆಯೂ ಸರಿಯಾಗಿಯೇ ಇತ್ತು ಅಂದರೆ ಅವತ್ತು ಅಪರಾಧ ಇಲ್ಲಮ್ಮ ಅಂದೆ. ಆದರೆ ಕಲಮಿನಲ್ಲಿ 'ತೆಗೆದುಕೊಂಡರೆ' ಅನ್ನುವುದರ ಪಕ್ಕದಲ್ಲೇ 'ಇಟ್ಟುಕೊಂಡರೆ' ಅಂತಲೂ ಇದೆ. ತಿಳಿವಳಿಕೆ ಆಮೇಲೆ ಬಂದರೂ ತಿಳಿವಳಿಕೆಯೇ. ಫೋನಿನಲ್ಲಿ ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿದರೆ 15 ಅಂಕಿಯ ಐಎಂಇಐ ನಂಬರ್ ಬರುತ್ತದೆ. ಕೆವೈಎಂ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಜಾಗ ಬಿಟ್ಟು ಆ ನಂಬರ್ ಹಾಕಿ 14422ಕ್ಕೆ ಮೆಸೇಜ್ ಕಳಿಸಿದರೆ ಆ ಫೋನಿನ ಸ್ಥಿತಿ ತಿಳಿಯುತ್ತದೆ. ಕಳೆದ, ಕಳವಾದ ಫೋನುಗಳನ್ನು ತಡೆಯುವ ಕೇಂದ್ರದ ಸಿಇಐಆರ್ ವ್ಯವಸ್ಥೆಯಲ್ಲಿ ಬ್ಲಾಕ್ ಆಗಿದ್ದರೆ ಗೊತ್ತಾಗಿಬಿಡುತ್ತದೆ. ಕೊಳ್ಳುವ ಮುಂಚೆಯೇ ಮಾಡಬೇಕಾದ ಕೆಲಸ ಅದು.

'ಬ್ಲಾಕ್ ಅಂತ ಬಂದರೆ?' ಅಂತ ಕೇಳಿದಳು.

ಅವತ್ತೇ ಸ್ಟೇಷನ್ನಿಗೆ ತೆಗೆದುಕೊಂಡು ಹೋಗು ಅಂದೆ. ಮಾರಿದವನ ಜೊತೆಗಿನ ಚಾಟ್ ಅಳಿಸಬೇಡ. ಹಣ ಕಳಿಸಿದ ಯುಪಿಐ ವಿವರ ಪ್ರಿಂಟ್ ತೆಗೆಸಿಕೋ. ಫೋನ್ ಕೊಟ್ಟಿದ್ದಕ್ಕೆ ದಿನಾಂಕ, ಸಮಯ ಹಾಕಿದ ಸ್ವೀಕೃತಿ ಬರೆಸಿಕೊಂಡು ಬಾ.